ಕಲ್ಮನೆಯ ಜೋಡಿಗಳು

ಮದುವೆಯ ಬೆಳ್ಳಿ ವರ್ಷಕ್ಕೆ ಏನು ಬೇಕು ಅಂತ ನಮ್ಮನೆಯವರು ಕೇಳಿದಾಗ, ಬಾದಾಮಿ ಗುಹೆಗಳನ್ನು ನಿಧಾನವಾಗಿ ನೋಡಬೇಕು ಎಂದೆ. ನಿಧಾನವಾಗಿ ಅನ್ನೋದನ್ನು ಒತ್ತಿಯೇ ಹೇಳಿದ್ದೆ. ನಮ್ಮಲ್ಲಿ ಎಷ್ಟೋ ಜನ ಬಾದಾಮಿ ನೋಡಿರುವುದು ಶಾಲೆಯ ಪ್ರವಾಸದಲ್ಲಿ. ಸಾಲಾಗಿ ಮೆಟ್ಟಿಲು ಹತ್ತು, ನಟರಾಜನ ಮುಂದೆ ನಿಂತು ಫೋಟೋ ತೆಗೆಸಿಕೋ, ನಾಲ್ಕೂ ಗುಹೆಗೆ ಇಣುಕು, ಇಳಿ, ಬಸ್ಸು ಹೊರಡುತ್ತದೆ. ನಾನು ನೋಡಿದ್ದೂ ಹಾಗೇ. ಹಾಲ್ ಬುಕ್ ಮಾಡಿ ಎಲ್ಲರನ್ನೂ ಕರೆಯೋಣ ಅಂತ ಮಕ್ಕಳು ಆಸೆಪಟ್ಟರು. ಇನ್ನೊಮ್ಮೆ ನೋಡೋಣ ಎಂದೆವು. ಈ ಸಲ ನಮಗಿಬ್ಬರಿಗೇ ಒಂದಿಷ್ಟು ದಿನ ಬೇಕಿತ್ತು.

ಇವರು ಸಿವಿಲ್ ಇಂಜಿನಿಯರ್. ನಾನು ಬಟ್ಟೆ ಹೊಲಿಯುವವಳು, ಜಾಸ್ತಿ ಬ್ಲೌಸು. ಒಂದೇ ಗೋಡೆಯ ಮುಂದೆ ನಿಂತರೂ ಇವರ ಕಣ್ಣು ಬಿರುಕಿನ ಕಡೆಗೆ, ನೀರು ಜಿನುಗಿದ ಗುರುತಿನ ಕಡೆಗೆ ಹೋಗುತ್ತದೆ. ನನ್ನ ಕಣ್ಣು ಹೋಗುವುದು ಉಟ್ಟದ್ದರ, ತೊಟ್ಟದ್ದರ ಮೇಲೆ. ಗುಹೆ ನೋಡುವುದಕ್ಕೆ ಇಂಥ ಎರಡು ಜೊತೆ ಕಣ್ಣು ಬೇಕು ಅಂತ ಅಲ್ಲಿಗೆ ಹೋದ ಮೇಲೆ ನನಗೆ ಖಾತ್ರಿಯಾಯಿತು.

ನಾವು ಹೋಗಿದ್ದು ನವೆಂಬರಿನಲ್ಲಿ. ಬಾದಾಮಿಗೆ ಅದು ಒಳ್ಳೆಯ ಕಾಲ. ಬೇಸಿಗೆಯಲ್ಲಿ ಆ ಕೆಂಪು ಕಲ್ಲು ಕಾದು ನಿಲ್ಲುವುದಕ್ಕೇ ಕಷ್ಟ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಕೆಳಗೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಬಡಿಯುವ ಸದ್ದು ಒಮ್ಮೆ ಅಲ್ಲಿಂದ ಕೇಳುತ್ತದೆ, ಮರುಕ್ಷಣ ಎದುರಿನ ಬಂಡೆಗೆ ತಾಗಿ ಇನ್ನೊಮ್ಮೆ ಕೇಳುತ್ತದೆ. ಕೋತಿಗಳು ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದವು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇದ್ದರೆ ಅವು ಬಿಡುವುದಿಲ್ಲ. ಎಲ್ಲವನ್ನೂ ಜಿಪ್ ಇರುವ ಬ್ಯಾಗಿನೊಳಗೆ ಹಾಕಿಕೊಂಡು ಹೋಗಿ.

ಮೇಣಬಸದಿ ಅಂತ ಕರೆಯುವುದು ಈ ಗುಹೆಗಳನ್ನೇ. ಮರಳುಗಲ್ಲಿನ ಗುಡ್ಡದ ಮೈಯನ್ನು ಒಳಗೆ ಕೊರೆದು ಮಾಡಿದ ಗುಡಿಗಳು. ಬಾದಾಮಿ ಆಗ ವಾತಾಪಿ, ಚಾಲುಕ್ಯರ ರಾಜಧಾನಿ. ಮೊದಲನೇ ಗುಹೆ ಶಿವನದು, ಎರಡು ಮತ್ತು ಮೂರು ವಿಷ್ಣುವಿನವು, ಎಲ್ಲಕ್ಕಿಂತ ಮೇಲಿರುವ ನಾಲ್ಕನೆಯದು ಜೈನರದು.

ಮೊದಲನೇ ಗುಹೆಯೊಳಗೆ ಕಾಲಿಟ್ಟ ಕೂಡಲೇ ಇವರು ತಲೆ ಎತ್ತಿ ಚಾವಣಿ ನೋಡುತ್ತಾ ನಿಂತುಬಿಟ್ಟರು. ಆಮೇಲೆ ನನ್ನನ್ನು ಕರೆದು, "ನೋಡೇ, ನಾವು ಕೆಳಗಿಂದ ಕಟ್ಟುತ್ತಾ ಹೋಗ್ತೀವಿ. ಪಾಯ, ಕಾಲಮ್ಮು, ಬೀಮು, ಆಮೇಲೆ ಸ್ಲ್ಯಾಬು. ಇಲ್ಲಿ ಸ್ಲ್ಯಾಬು ಮೊದಲೇ ಇದೆ. ಅದರ ಮೇಲೆ ಗುಡ್ಡವೇ ಇದೆ. ಕಂಬ ಎಲ್ಲಿ ಬೇಕೋ ಅಲ್ಲಿ ಕಲ್ಲು ಬಿಟ್ಟು, ಉಳಿದದ್ದನ್ನ ತೆಗೆದು ಹೊರಗೆ ಹಾಕಿದ್ದಾರೆ. ಒಂದು ಕಂಬ ತಪ್ಪಾಗಿ ಕಡಿದರೆ ಮತ್ತೆ ಹಾಕೋಕಾಗಲ್ಲ" ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕತ್ತರಿ ಹಾಕುವ ಕೆಲಸದಲ್ಲಿ ನನಗೂ ಆ ಭಯ ಗೊತ್ತು. ಆದರೆ ಬಟ್ಟೆ ಹೋದರೆ ಇನ್ನೊಂದು ಮೀಟರ್ ತರಬಹುದು. ಗುಡ್ಡ ತರುವುದು ಹೇಗೆ?

ಹೊರಗಡೆ ಬಲಕ್ಕೆ ಹದಿನೆಂಟು ಕೈಗಳ ನಟರಾಜ. ಅವನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹೇಳಬೇಕಾದದ್ದು ಎಡಗಡೆಯ ದ್ವಾರಪಾಲಕನ ಕೆಳಗಿರುವ ಸಣ್ಣ ಕೆತ್ತನೆಯ ಬಗ್ಗೆ. ಒಂದೇ ತಲೆ, ಎರಡು ಮೈ. ಒಂದು ಕಡೆಯ ಮೈಯನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದರೆ ಆನೆ. ಇನ್ನೊಂದು ಕಡೆ ಮುಚ್ಚಿದರೆ ಎತ್ತು. ಎತ್ತಿನ ಕೊಂಬು ಆನೆಯ ದಂತವಾಗುತ್ತದೆ. ನನಗೆ ಮೊದಲು ಕಂಡದ್ದು ಎತ್ತು, ಇವರಿಗೆ ಆನೆ. ಎಷ್ಟೋ ಹೊತ್ತು ಅಲ್ಲೇ ಕೈ ಅಡ್ಡ ಹಿಡಿದು, ತೆಗೆದು, ಮತ್ತೆ ಹಿಡಿದು ನೋಡಿದೆವು. ಹಿಂದೆ ಬಂದ ಒಂದು ಮಗುವಿಗೂ ತೋರಿಸಿದೆವು. ಅದಕ್ಕೆ ಎರಡೂ ಒಟ್ಟಿಗೇ ಕಂಡವು.

ಒಳಗಿನ ಪಡಸಾಲೆಯ ಎರಡು ಕೊನೆಗಳಲ್ಲಿ ಎರಡು ದೊಡ್ಡ ಮೂರ್ತಿಗಳು. ಒಂದು ಹರಿಹರ. ಹರನ ಕಡೆಗೆ ಪಾರ್ವತಿ, ಹರಿಯ ಕಡೆಗೆ ಲಕ್ಷ್ಮಿ ನಿಂತಿದ್ದಾರೆ. ಇನ್ನೊಂದು ಅರ್ಧನಾರೀಶ್ವರ. ನಾವು ಹೋದದ್ದೇ ಇವನನ್ನು, ಇವಳನ್ನು ನೋಡಲು ಅಂದರೂ ಸರಿ. ಬಲಭಾಗ ಶಿವ, ಎಡಭಾಗ ಪಾರ್ವತಿ. ಮಧ್ಯೆ ಎಲ್ಲೂ ಗೆರೆ ಎಳೆದಿಲ್ಲ. ತಲೆಯಿಂದ ಕೆಳಗೆ ನೋಡುತ್ತಾ ಬಂದರೆ ಕೂದಲು ಬೇರೆ, ಓಲೆ ಬೇರೆ, ಎದೆ ಬೇರೆ, ಉಡುಗೆ ಬೇರೆ. ಆದರೆ ಎಲ್ಲಿ ಅವನು ಮುಗಿದ, ಎಲ್ಲಿ ಅವಳು ಶುರುವಾದಳು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮುಂದಿನ ಎರಡು ಕೈಗಳು ಸೇರಿ ಒಂದು ವೀಣೆ ಹಿಡಿದಿವೆ. ಒಂದು ಕೈ ಅವನದು, ಒಂದು ಅವಳದು. ವೀಣೆ ಒಂದೇ.

ಬಾದಾಮಿಯ ಕಲ್ಲಿನಲ್ಲಿ ಇನ್ನೊಂದು ವಿಶೇಷ ಇದೆ. ಅದು ಪದರ ಪದರವಾಗಿ ಕೂತ ಮರಳು, ಹಾಗಾಗಿ ಬಣ್ಣದ ಪಟ್ಟೆಗಳಿವೆ. ತಿಳಿ ಗುಲಾಬಿ, ಕೆಂಪು, ಕೆಲವು ಕಡೆ ನೇರಳೆ ಛಾಯೆ. ಶಿಲ್ಪಿ ಎಷ್ಟೇ ಬೇರೆ ಬೇರೆ ಮಾಡಿ ಕೆತ್ತಲಿ, ಪಟ್ಟೆ ಮಾತ್ರ ದೇವರು, ಭಕ್ತ, ಬಸವ ಅಂತ ನೋಡದೆ ಮೂರ್ತಿಗಳ ಮೈಮೇಲೆ ಹಾಯ್ದು ಹೋಗಿರುತ್ತದೆ. ಇದನ್ನು ತೋರಿಸಿದ್ದು ಇವರು. ನಾನಂತೂ ಓಲೆ ನೋಡುವುದರಲ್ಲೇ ಇದ್ದೆ.

ಅರ್ಧನಾರೀಶ್ವರನ ಪಕ್ಕದಲ್ಲಿ ಎಲುಬಿನ ಗೂಡಿನಂಥ ಒಬ್ಬ ಕೈ ಜೋಡಿಸಿ ನಿಂತಿದ್ದಾನೆ. ಅವನು ಭೃಂಗಿ. ಮೂಲೆಯಲ್ಲಿದ್ದಾನೆ, ಎಷ್ಟೋ ಜನ ಗಮನಿಸುವುದಿಲ್ಲ. ಆದರೆ ಕಥೆ ಅವನದೇ. ಭೃಂಗಿಗೆ ಶಿವ ಒಬ್ಬನೇ ಸಾಕು, ಪಾರ್ವತಿ ಬೇಡ. ಶಿವನಿಗೆ ಮಾತ್ರ ಪ್ರದಕ್ಷಿಣೆ ಹಾಕುತ್ತಿದ್ದ. ಪಾರ್ವತಿಗೆ ಸಿಟ್ಟು ಬಂದು ಅವನ ಮೈಯಲ್ಲಿದ್ದ ರಕ್ತ ಮಾಂಸವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಳು. ನಿಲ್ಲಲಾಗದೆ ಒದ್ದಾಡಿದವನಿಗೆ ಶಿವ ಮೂರನೇ ಕಾಲು ಕೊಟ್ಟ. ಆದರೂ ಹಟ ಬಿಡಲಿಲ್ಲ. ಶಿವ ಪಾರ್ವತಿ ಒಂದೇ ಮೈಯಾದರು, ಈಗ ಹೇಗೆ ಬಿಟ್ಟು ಸುತ್ತುತ್ತೀಯ ನೋಡೋಣ ಅಂತ. ಭೃಂಗಿ ದುಂಬಿಯಾಗಿ ನಡುವೆ ಕೊರೆದುಕೊಂಡು ಸುತ್ತಲು ಹೋದನಂತೆ. ನನ್ನಜ್ಜಿ ಈ ಕಥೆ ಹೇಳುವಾಗ ಪಾರ್ವತಿಯ ಸಿಟ್ಟನ್ನು ಬಹಳ ವಿವರವಾಗಿ ಹೇಳುತ್ತಿದ್ದಳು. ಈಗ ಎದುರಿಗೆ ನಿಂತಾಗ ನನಗೆ ಕಂಡದ್ದು ಶಿವ ಮಾಡಿದ ಕೆಲಸ. ಅವಳನ್ನು ಬಿಟ್ಟು ನನಗೆ ಪೂಜೆ ಬೇಡ ಅಂತ ಅವನು ಬಾಯಲ್ಲಿ ಹೇಳಲಿಲ್ಲ, ಮೈಯನ್ನೇ ಕೊಟ್ಟ. ಇವರಿಗೆ ಹಾಗಂದೆ. ಇವರು ಏನೂ ಹೇಳಲಿಲ್ಲ, ಭೃಂಗಿಯ ಪಕ್ಕೆಲುಬು ಎಣಿಸುತ್ತಾ ನಿಂತರು. ಆದರೆ ಮೆಟ್ಟಿಲು ಹತ್ತುವಾಗ ನನ್ನ ಬ್ಯಾಗನ್ನೂ ತಾವೇ ಹೆಗಲಿಗೆ ಹಾಕಿಕೊಂಡರು.

ಎರಡನೇ ಗುಹೆಯಲ್ಲಿ ತ್ರಿವಿಕ್ರಮ, ವರಾಹ. ವರಾಹನ ಅಂಗೈ ಮೇಲೆ ಭೂದೇವಿ ನಿಂತಿದ್ದಾಳೆ, ಅದನ್ನು ಬಿಡಬೇಡಿ.

ಮೂರನೆಯದು ನಾಲ್ಕರಲ್ಲೂ ದೊಡ್ಡದು. ಉತ್ತರಕ್ಕೆ ಮುಖ ಮಾಡಿದೆ. ನೇರ ಬಿಸಿಲು ಒಳಗೆ ಬರುವುದಿಲ್ಲ. ಹೊರಗಿನ ಅಂಗಳಕ್ಕೆ ಬಿದ್ದ ಬೆಳಕು ಪುಟಿದು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಅದರಿಂದ ಕಂಬದ ತುದಿಯಲ್ಲಿರುವ ಕೆತ್ತನೆಗೂ ಮೆದುವಾದ ಬೆಳಕು ಸಿಗುತ್ತದೆ. ಆದಿಶೇಷನ ಸುರುಳಿಯ ಮೇಲೆ ವಿಷ್ಣು ಇಲ್ಲಿ ಮಲಗಿಲ್ಲ, ಕೂತಿದ್ದಾನೆ. ಹೆಡೆಗಳು ತಲೆಯ ಮೇಲೆ. ಬಂದವರೆಲ್ಲ ಅವನ ಮುಂದೆ, ನರಸಿಂಹನ ಮುಂದೆ, ತ್ರಿವಿಕ್ರಮನ ಮುಂದೆ ನಿಂತು ಹೋಗುತ್ತಾರೆ. ನಾವು ಮಾತ್ರ ಕತ್ತು ಎತ್ತಿ ಕಂಬಗಳ ತುದಿ ನೋಡುತ್ತಿದ್ದೆವು.

ಅಲ್ಲಿ ಕಂಬ ಚಾವಣಿಗೆ ತಾಗುವ ಕಡೆ ಆಧಾರಕ್ಕೆ ಕೊಟ್ಟಂತೆ ಓರೆಯಾಗಿ ಮುಂದೆ ಬಾಗಿದ ಕೆತ್ತನೆಗಳಿವೆ. ಅವುಗಳಲ್ಲಿ ಗಂಡು ಹೆಣ್ಣಿನ ಜೋಡಿಗಳು. ಪ್ರತಿ ಜೋಡಿಯ ಮೇಲೂ ಮರದ ನೆರಳು. ಕಾಲ ಬಳಿ ಒಬ್ಬ ಕುಳ್ಳ ಆಳು, ಅಥವಾ ಸಣ್ಣ ಸೇವಕಿ. ಇವರು ಹೇಳುವ ಪ್ರಕಾರ ಈ ಆಧಾರಗಳು ಯಾವ ಭಾರವನ್ನೂ ಹೊತ್ತಿಲ್ಲ. ಮರದ ಕಟ್ಟಡದಲ್ಲಿ ಇರುತ್ತಿದ್ದದ್ದನ್ನು ಕಲ್ಲಿನಲ್ಲಿ ನೆನಪಿಗೆ ಉಳಿಸಿಕೊಂಡಿದ್ದಾರೆ, ಅಷ್ಟೆ. ಸೂರಿನ ಕೆಳಭಾಗದಲ್ಲಿ ತೀರುಗಳಂತೆ ಸಾಲು ಗೀರು ಕೊರೆದಿರುವುದೂ ಅದೇ ಕಾರಣಕ್ಕೆ. ಭಾರ ಹೊರದಿದ್ದರೂ ಎಷ್ಟು ಕಾಳಜಿಯಿಂದ ಕೆತ್ತಿದ್ದಾರೆ ಅಂತ ಇವರಿಗೆ ಆಶ್ಚರ್ಯ.

ಒಂದು ಜೋಡಿಯಂತೆ ಇನ್ನೊಂದಿಲ್ಲ. ಒಬ್ಬಳು ಕಾಲಿಗೆ ಕಾಲು ಅಡ್ಡ ಹಾಕಿ ಆರಾಮವಾಗಿ ನಿಂತಿದ್ದಾಳೆ, ಅವನ ಕೈ ಅವಳ ಹೆಗಲ ಮೇಲಿದೆ. ಇನ್ನೊಬ್ಬಳಿಗೆ ಮತ್ತು ಏರಿದೆ, ನಿಲ್ಲಲು ಆಗುತ್ತಿಲ್ಲ, ಪೂರ್ತಿ ಭಾರ ಅವನ ಮೇಲೆ ಬಿಟ್ಟಿದ್ದಾಳೆ. ಅವನು ಬೇಸರ ಮಾಡಿಕೊಂಡಿಲ್ಲ, ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಗುಡಿಯ ಕಂಬದ ಮೇಲೆ, ವಿಷ್ಣುವಿನ ಎದುರಿಗೆ, ಹೆಂಡತಿ ತೂರಾಡುವುದನ್ನೂ ಗಂಡ ಹಿಡಿದುಕೊಳ್ಳುವುದನ್ನೂ ಕೆತ್ತಬಹುದು ಅಂತ ಆ ಜನರಿಗೆ ಅನಿಸಿತ್ತಲ್ಲ. ಸಂಸಾರ ಅಂದರೆ ದೇವರಿಗೆ ಮರೆಮಾಡಬೇಕಾದದ್ದು ಅಂತ ಅವರು ಎಣಿಸಿರಲಿಲ್ಲ.

ಬಟ್ಟೆಯ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಈ ಹೆಂಗಸರ ಮೈಮೇಲೆ ಹೊಲಿದದ್ದು ನನಗೆ ಕಾಣಲಿಲ್ಲ. ಸುತ್ತಿ, ಸಿಕ್ಕಿಸಿ, ಕಟ್ಟಿದ್ದು ಅಷ್ಟೆ. ಸೊಂಟದ ಪಟ್ಟಿ ಬಟ್ಟೆಯನ್ನು ಹಿಡಿದಿದೆ, ಅದರಿಂದ ಒಂದು ತುದಿ ಇಳಿಬಿದ್ದಿದೆ. ಮೇಲೆ ಆಭರಣ ಮಾತ್ರ. ಬಟ್ಟೆ ಎಷ್ಟು ತೆಳು ಅಂದರೆ ತೊಡೆಯ ಮೇಲೆ ಅದು ಇದೆ ಅಂತ ಗೊತ್ತಾಗುವುದು ಅಂಚಿನ ಗೆರೆಯಿಂದ. ಕಲ್ಲಿನಲ್ಲಿ ತೆಳುವಾದ ಬಟ್ಟೆ ತೋರಿಸುವುದು ಸುಮ್ನೆ ಮಾತಲ್ಲ. ತುರುಬುಗಳಂತೂ ಒಬ್ಬೊಬ್ಬರದು ಒಂದೊಂದು ಥರ. ನಾನು ಪುಸ್ತಕದಲ್ಲಿ ಕೆಲವನ್ನು ಬರೆದುಕೊಂಡೆ. ಒಂದು ಸೊಂಟಪಟ್ಟಿಯ ವಿನ್ಯಾಸವನ್ನು ಮನೆಗೆ ಬಂದ ಮೇಲೆ ಒಂದು ಬ್ಲೌಸಿನ ತೋಳಿನ ಅಂಚಿಗೆ ಹಾಕಿದ್ದೇನೆ, ಚೆನ್ನಾಗಿ ಬಂದಿದೆ.

ಸೂರಿನ ಒಳಬಾಗಿನಲ್ಲಿ ಹಳೆಯ ಬಣ್ಣದ ಚಿತ್ರಗಳ ಅವಶೇಷ ಇದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಏನೂ ಕಾಣುವುದಿಲ್ಲ. ಆಮೇಲೆ ಅಲ್ಲಲ್ಲಿ ಬಣ್ಣದ ಕಲೆಗಳು ಕಾಣತೊಡಗುತ್ತವೆ. ಇನ್ನು ಸ್ವಲ್ಪ ಹೊತ್ತು ನಿಂತರೆ ಅವು ಮನುಷ್ಯರ ಮೈ ಅಂತ ಗೊತ್ತಾಗುತ್ತದೆ. ಉಳಿದದ್ದು ತೀರಾ ಕಡಿಮೆ. ಈ ಗುಹೆ ಪೂರ್ತಿ ಬಣ್ಣದಲ್ಲಿದ್ದಾಗ ಹೇಗಿದ್ದಿರಬೇಕು ಅಂತ ಯೋಚಿಸಿ ಹೊಟ್ಟೆ ಉರಿಯಿತು.

ಈ ಗುಹೆಗೆ ತಾರೀಖಿದೆ. ಇವರಿಗೆ ಅದು ದೊಡ್ಡ ಸಂಗತಿ. ಚಾಲುಕ್ಯರ ಮನೆತನದ ಮಂಗಳೇಶ ಮಾಡಿಸಿದ ಸಂಸ್ಕೃತ ಶಾಸನದಲ್ಲಿ ಶಕ ವರ್ಷ 500, ಕಾರ್ತಿಕ ಹುಣ್ಣಿಮೆ ಎಂದಿದೆ. ಅಂದರೆ ಕ್ರಿ.ಶ. 578. ಅಣ್ಣ ಕೀರ್ತಿವರ್ಮ ಪಟ್ಟಕ್ಕೆ ಬಂದು 12ನೇ ವರ್ಷ. ಗುಡಿ ಮಾಡಿಸಿದ ತಮ್ಮ ಅದರ ಪುಣ್ಯವನ್ನು ಅಣ್ಣನಿಗೆ ಕೊಡುತ್ತಾನೆ. ತನಗೆ ಅಣ್ಣನ ಸೇವೆಯ ಫಲ ಸಾಕು ಎನ್ನುತ್ತಾನೆ. ಓದಿ ನನಗೆ ಮನಸ್ಸು ತುಂಬಿ ಬಂತು. ಆದರೆ ಮುಂದಿನ ಕಥೆ ಬೇರೆ. ಅಣ್ಣ ತೀರಿಕೊಂಡ ಮೇಲೆ ಪಟ್ಟ ಏರಿದ ಮಂಗಳೇಶ ಅದನ್ನು ಅಣ್ಣನ ಮಗನಿಗೆ ಬಿಡದೆ ತನ್ನ ಮಗನಿಗೇ ಕೊಡಲು ಹೋದ. ಆ ಅಣ್ಣನ ಮಗನೇ ಇಮ್ಮಡಿ ಪುಲಕೇಶಿ. ಚಿಕ್ಕಪ್ಪ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಇದನ್ನು ಹೇಳುವುದು 634ರಲ್ಲಿ ರವಿಕೀರ್ತಿ ಬರೆದ ಐಹೊಳೆಯ ಶಾಸನ. ಅದು ಅಲ್ಲಿನ ಮೇಗುತಿ ಗುಡಿಯ ಗೋಡೆಯಲ್ಲಿದೆ. ನಾನು ಎರಡು ದಿನ ಇದರ ಬಗ್ಗೆಯೇ ಮಾತಾಡುತ್ತಿದ್ದೆ. ಶಾಸನ ಬರೆಸಿದ ದಿನ ಅವನು ಸುಳ್ಳು ಹೇಳುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಇವರು ಒಪ್ಪುವುದಿಲ್ಲ. ರಾಜರ ಮಾತು ಅಷ್ಟೇ ಅನ್ನುತ್ತಾರೆ.

ಮೂರನೇ ಗುಹೆಯ ಹೊರಗೆ ಮಂಗಳೇಶನದೇ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಈ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟೆ ಅನ್ನುತ್ತದೆ. ದೇವರಿಗೆ ಹೂಮಾಲೆ ಕಟ್ಟುವವರ ಪಾಲನ್ನೂ ಅದರಲ್ಲಿ ಹೇಳಿದೆ. ಅಷ್ಟು ದೊಡ್ಡ ರಾಜ, ಮಾಲೆ ಕಟ್ಟುವವರನ್ನು ಮರೆಯಲಿಲ್ಲ. ಕೈಕೆಲಸ ಮಾಡಿ ಬದುಕುವ ನನಗೆ ಆ ಸಾಲು ದೊಡ್ಡದು.

ನಾಲ್ಕನೇ ಗುಹೆಗೆ ಹೋಗುವ ಹೊತ್ತಿಗೆ ಮಂಡಿ ನೋಯುತ್ತಿತ್ತು. ಬಾಹುಬಲಿ, ಪಾರ್ಶ್ವನಾಥ, ಗೋಡೆ ತುಂಬಾ ತೀರ್ಥಂಕರರು. ಚಿಕ್ಕ ಗುಹೆ. ಅಲ್ಲಿ ಕೂತು ಕೆರೆಯನ್ನೂ ಆಚೆ ದಂಡೆಯ ಭೂತನಾಥ ಗುಡಿಯನ್ನೂ ನೋಡಿದೆವು.

ಮರುದಿನ ಶಿಡ್ಲಪಡಿ. ಇದು ಯಾರೂ ಕೊರೆದ ಗುಹೆಯಲ್ಲ. ಬಾದಾಮಿಯಿಂದ ಕುರುಚಲು ಕಾಡಿನ ನಡುವೆ, ಬಂಡೆಗಳ ಮೇಲೆ ಒಳ್ಳೇ ನಡಿಗೆ. ದಾರಿ ಗೊತ್ತಿರುವ ಸ್ಥಳೀಯರೊಬ್ಬರು ಜೊತೆಗೆ ಬೇಕೇ ಬೇಕು. ಕವಲುಗಳು ಜಾಸ್ತಿ, ಗುರುತು ಕಡಿಮೆ. ನಮ್ಮ ಜೊತೆ ಬಂದವರು ಹಿರಿಯರು, ದನ ಮೇಯಿಸುತ್ತಾ ಅಲ್ಲೇ ಬೆಳೆದವರು. "ಅಕ್ಕಾರ, ಇಲ್ಲಿ ಬಂಡಿ ಜಾರತೈತ್ರಿ, ನೋಡಿ ಕಾಲಿಡ್ರಿ" ಎಂದು ಹೆಜ್ಜೆ ಹೆಜ್ಜೆಗೂ ಹೇಳುತ್ತಿದ್ದರು. ದೊಡ್ಡ ಬಂಡೆಗಳು ಸೇರಿ ಮೇಲೆ ಸೇತುವೆಯ ಹಾಗೆ ನಿಂತಿವೆ. ನಡುವೆ ತೂತು ಬಿದ್ದು ಬೆಳಕು ಒಳಗೆ ಸುರಿಯುತ್ತದೆ. ಸಿಡಿಲು ಬಡಿದು ಹಾಗಾಯಿತು ಎಂಬುದು ಊರಿನ ನಂಬಿಕೆ. ಗೋಡೆಯಲ್ಲಿ ಇತಿಹಾಸಕ್ಕೂ ಹಿಂದಿನ ಜನ ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಚಾಲುಕ್ಯರು ಉಳಿ ಹಿಡಿಯುವುದಕ್ಕೆ ಎಷ್ಟೋ ಕಾಲ ಮೊದಲು ಇಲ್ಲಿ ಮಳೆ ಬಿಸಿಲಿಗೆ ಆಸರೆ ಪಡೆದವರು ಸುಮ್ಮನೆ ಕೂರಲಿಲ್ಲ, ಗೋಡೆಗೆ ಬಣ್ಣ ಹಚ್ಚಿದರು. ಇವರು ಅಳತೆ ಟೇಪು ತಂದಿದ್ದರು. ಅದನ್ನು ಜೇಬಿನಿಂದ ತೆಗೆಯದೆ, ತೂತಿನಿಂದ ಬೀಳುವ ಬೆಳಕಿನಲ್ಲಿ ಮಲಗಿ ಮೇಲೆ ನೋಡುತ್ತಿದ್ದರು. ಮನೆಯಲ್ಲಿ ಹಗಲು ಹೊತ್ತು ಇವರು ಮಲಗಿದ್ದನ್ನು ನಾನು ನೋಡಿಲ್ಲ.

ಕೊನೆಯ ದಿನ ಐಹೊಳೆಯ ರಾವಳಫಡಿ ಗುಹೆ. ಬಾದಾಮಿ ನೋಡಿ ದಣಿದವರು ಇದನ್ನು ಬಿಟ್ಟುಬಿಡುತ್ತಾರೆ, ಅದು ದೊಡ್ಡ ನಷ್ಟ. ಒಂದು ಪಕ್ಕದ ಕೋಣೆಯಲ್ಲಿ ಹತ್ತು ಕೈಗಳ ಶಿವ ಕುಣಿಯುತ್ತಿದ್ದಾನೆ, ಸುತ್ತ ಸಪ್ತಮಾತೃಕೆಯರು. ಉದ್ದನೆಯ ಕಿರೀಟ, ಸಪೂರ ಮೈ. ನಾನು ಬಾಯಿ ಬಿಟ್ಟು ನೋಡಿದ್ದು ನೆರಿಗೆಗಳನ್ನು. ಸೀರೆಯ ನೆರಿಗೆಯನ್ನು ಸಣ್ಣ ಸಣ್ಣ ಗೀರುಗಳಲ್ಲಿ, ಕಾಲಿನ ಬಾಗಿಗೆ ತಕ್ಕಂತೆ ತಿರುಗಿಸಿ ಕೊರೆದಿದ್ದಾರೆ. ಮಂಡಿ ಮುಂದೆ ಬಂದ ಕಡೆ ಗೀರುಗಳು ಅಗಲವಾಗುತ್ತವೆ, ಹಿಂದೆ ಸರಿದ ಕಡೆ ಒತ್ತಾಗುತ್ತವೆ. ಬಟ್ಟೆ ನಿಜಕ್ಕೂ ಹಾಗೇ ಬೀಳುವುದು. ಉಡುವವರನ್ನು ಹತ್ತಿರದಿಂದ ನೋಡದವನಿಗೆ ಇದು ಕೆತ್ತಲು ಬರುವುದಿಲ್ಲ. ಇಲ್ಲೂ ಒಬ್ಬ ಅರ್ಧನಾರೀಶ್ವರ ಇದ್ದಾನೆ. ಅವನ ಉಡುಗೆ, ಅವಳ ಉಡುಗೆ ಎರಡೂ ಒಂದೇ ಸೊಂಟದಿಂದ ಇಳಿಯುವುದನ್ನು ಇವರಿಗೆ ತೋರಿಸಿಕೊಟ್ಟೆ. ಈ ಸಲ ಇವರು ಕಂಬಗಳನ್ನು ಬಿಟ್ಟು ನೆರಿಗೆ ನೋಡಿದರು.

ಹೋಗುವವರಿಗೆ ಎರಡೇ ಮಾತು. ಮೂರನೇ ಗುಹೆಗೆ ಅರ್ಧ ದಿನ ಇಟ್ಟುಕೊಳ್ಳಿ, ಕಂಬದ ತುದಿ ನೋಡಲು ಒಂದು ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ, ಮೂರ್ತಿಗಳನ್ನು ಮುಟ್ಟಬೇಡಿ. ಮರಳುಗಲ್ಲು ಮೆತ್ತಗಿನ ಕಲ್ಲು. ಸಾವಿರ ಜನ ಸವರಿದರೆ ಮೂಗು, ಬೆರಳು ಹೋಗುತ್ತವೆ.

ಮುಂದಿನ ವರ್ಷ ಮುಂಬೈ ಬಳಿಯ ಎಲಿಫೆಂಟಾ ಅಂತ ತೀರ್ಮಾನವಾಗಿದೆ. ಅಲ್ಲಿನ ಅರ್ಧನಾರೀಶ್ವರ ಬಾದಾಮಿಯದಕ್ಕಿಂತ ಬಹಳ ದೊಡ್ಡದು. ದೋಣಿಯಲ್ಲಿ ದ್ವೀಪಕ್ಕೆ ಹೋಗಬೇಕು. ಸೋಮವಾರ ಗುಹೆಗೆ ರಜೆ, ಅದನ್ನು ನೋಡಿಕೊಂಡೇ ಟಿಕೆಟ್ ಮಾಡಿಸಿ ಅಂತ ಇವರಿಗೆ ಹೇಳಿದ್ದೇನೆ.